ಹದಿನೇಳನೇ ನಂಬರಿನ ಬಿಲ್ಲೆ

ಕಣ್ಣಾರೆ ಕಂಡದ್ದನ್ನೂ ಎರಡು ಸಲ ಎಣಿಸಿ ನೋಡಿ ನಂಬುವ ಮನುಷ್ಯ ನಾನು. ಯಾರಾದರೂ ದೆವ್ವ, ಶಕುನ, ಕನಸಿನಲ್ಲಿ ಬಂದ ಅಜ್ಜ ಎಂದು ಮಾತು ತೆಗೆದರೆ, 'ನಿಮ್ಮ ಅಜ್ಜ ಯಾವ ಶಿಫ್ಟಿನಲ್ಲಿ ಬಂದಿದ್ದ?' ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹೀಗೆ ಎಷ್ಟು ಜನರನ್ನು ನೋಯಿಸಿದ್ದೇನೋ ಲೆಕ್ಕವಿಲ್ಲ. ಈಗ ಎಂಬತ್ತು ದಾಟಿದೆ. ಇವತ್ತಿಗೂ ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ಎಪ್ಪತ್ತರ ದಶಕದ ಆರಂಭದಲ್ಲಿ, ಒಂದು ಶ್ರಾವಣದ ಹಗಲಿನಲ್ಲಿ, ನನಗೇ ಒಂದು ಅನುಭವವಾಯಿತು. ಅದನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲದೆ ಇಷ್ಟು ವರ್ಷ ಸುಮ್ಮನಿದ್ದೆ. ಸುಮ್ಮನಿರಲು ಇನ್ನೊಂದು ಕಾರಣವೂ ಇತ್ತು, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನನ್ನ ಕೆಲಸದ ಬಗ್ಗೆ ನಾಲ್ಕು ಮಾತು. ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ನಾನು ಟೂಲ್ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಊರು ಬೀದರ್ ಕಡೆಯ ಭಾಲ್ಕಿ. ಸ್ಪ್ಯಾನರ್, ಸ್ಕ್ರೂ ಡ್ರೈವರ್, ಇಕ್ಕಳ, ಒಂದೊಂದಕ್ಕೂ ಹಲಗೆಯ ಮೇಲೆ ಒಂದೊಂದು ಮೊಳೆ. ಕೆಲಸಗಾರ ಸಾಮಾನು ಒಯ್ದರೆ ತನ್ನ ನಂಬರಿನ ಬಿಲ್ಲೆಯನ್ನು ಆ ಮೊಳೆಗೆ ನೇತು ಹಾಕಬೇಕು. ತಂದುಕೊಟ್ಟಾಗ ಬಿಲ್ಲೆ ವಾಪಸ್. ಶಿಫ್ಟ್ ಮುಗಿದಾಗ ಒಂದೇ ಒಂದು ಬಿಲ್ಲೆ ಮೊಳೆಯ ಮೇಲೆ ಉಳಿದಿದ್ದರೂ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಸಣ್ಣ ಸ್ಪ್ಯಾನರ್ ವಿಮಾನದ ಹೊಟ್ಟೆಯೊಳಗೆ ಮರೆತು ಉಳಿದರೆ ಹಾರುವವನ ಜೀವಕ್ಕೇ ಅಪಾಯ. ಈ ವಿಷಯದಲ್ಲಿ ನಾನು ದೊಡ್ಡ ಸಾಹೇಬರನ್ನೂ ಬಿಟ್ಟವನಲ್ಲ. ಬೆನ್ನ ಹಿಂದೆ ಜನ ನನ್ನನ್ನು 'ಮೊಳೆಯಪ್ಪ' ಎನ್ನುತ್ತಿದ್ದರು. ನನಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿದ್ದ ನಮ್ಮ ಕಡೆಯ ಕೆಲವು ಮನೆಗಳವರು ಪ್ರತಿ ಶ್ರಾವಣದಲ್ಲಿ ಓಝರಿನಿಂದ ವೇರುಳ, ಅಂದರೆ ಎಲ್ಲೋರಾದ ಜ್ಯೋತಿರ್ಲಿಂಗದವರೆಗೆ ಕಾಲ್ನಡಿಗೆಯಲ್ಲಿ ಹೋಗುವ ರೂಢಿ ಇಟ್ಟುಕೊಂಡಿದ್ದರು. ಚಾಂದವಡ, ಮನ್ಮಾಡ, ನಾಂದಗಾಂವ ದಾಟಿ, ಗುಡ್ಡಗಳನ್ನು ಹತ್ತಿಳಿದು, ಆಗ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರದ ಜಿಲ್ಲೆಯೊಳಗೆ ಇಳಿಯುವ ದಾರಿ. ಏಳು ದಿನದ ನಡಿಗೆ. ದಾರಿಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲ್ಲೂಕು ಊರು ಬರುತ್ತದೆ, ಅಲ್ಲಿ ಕನ್ನಡ ಮಾತಾಡುವವರು ಮಾತ್ರ ಒಬ್ಬರೂ ಸಿಗುವುದಿಲ್ಲ. ನನಗೆ ಭಕ್ತಿ ಇರಲಿಲ್ಲ, ನಡೆಯುವ ಹುಚ್ಚು ಇತ್ತು.

ಆ ದಾರಿಯಲ್ಲಿ ಪುಸ್ತಕದ ಪೆಟ್ಟಿಗೆ ಇಡುವ ವಿಚಾರ ಹೊಳೆದದ್ದು ಶರಣಪ್ಪನಿಗೆ. ಅವನು ಕಲಬುರಗಿಯ ಕಡೆಯವನು, ನನಗಿಂತ ಐದು ವರ್ಷ ಚಿಕ್ಕವನು, ನಮ್ಮಲ್ಲೇ ಫಿಟ್ಟರ್. ನಮ್ಮ ಟೌನ್‌ಶಿಪ್ಪಿನ ಮಕ್ಕಳಿಗೆ ಕನ್ನಡ ಕಿವಿಯಲ್ಲಿತ್ತೇ ಹೊರತು ಕಣ್ಣಿನಲ್ಲಿರಲಿಲ್ಲ. ಶಾಲೆಯಲ್ಲಿ ಮರಾಠಿ, ಆಟದಲ್ಲಿ ಹಿಂದಿ. ನಡೆಯುವಾಗ ದಣಿದು ಕೂತಾಗಲಾದರೂ ದೊಡ್ಡವರೂ ಮಕ್ಕಳೂ ಒಂದು ಪುಟ ಓದಲಿ ಎಂದು ಅವನ ಆಸೆ. ಯಂತ್ರಗಳು ಬಂದ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆಯನ್ನು ಕೇಳಿ ಪಡೆದು ಆರು ಪೆಟ್ಟಿಗೆ ಮಾಡಿದ, ಮೇಲೆ ತಗಡು ಹೊಡೆದ. ನಾಸಿಕದಲ್ಲಿ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯ ಭಟ್ಟರು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಬುಟ್ಟಿ ಇಟ್ಟು ಗಿರಾಕಿಗಳಿಂದ ಹಳೆಯ ಪುಸ್ತಕ ಕೂಡಿಸಿಕೊಟ್ಟರು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಂದಿಡಬಹುದು. ಎರಡನೇ ವರ್ಷಕ್ಕೆ ಹಳ್ಳಿಯವರು ಇಟ್ಟ ಮರಾಠಿ ಪುಸ್ತಕಗಳೂ ಸೇರಿದ್ದವು.

ಅದರಲ್ಲಿ ನನ್ನ ಪಾಲೂ ಇತ್ತು. ಸ್ಟೋರಿನಲ್ಲಿ ಹಳೆಯ ಅಲ್ಯೂಮಿನಿಯಂ ಬಿಲ್ಲೆಗಳು ರದ್ದಾಗಿದ್ದವು. ಸಾಹೇಬರನ್ನು ಕೇಳಿ ತಂದೆ. ಒಂದೊಂದು ಪೆಟ್ಟಿಗೆಯಲ್ಲಿ ಎಂಟು ಪುಸ್ತಕ, ಎಂಟು ಮೊಳೆ. ಪುಸ್ತಕ ತೆಗೆದರೆ ನಿಮ್ಮ ಬಿಲ್ಲೆ ಮೊಳೆಗೆ, ಅಲ್ಲೇ ಕೂತು ಓದಿ ವಾಪಸ್ ಇಟ್ಟರೆ ಬಿಲ್ಲೆ ನಿಮ್ಮ ಜೇಬಿಗೆ. ಜೊತೆಗೆ ದಾರಕ್ಕೆ ಕಟ್ಟಿದ ಒಂದು ನೋಟ್‌ಬುಕ್ಕು, ಪೆನ್ಸಿಲು. ಬಿಲ್ಲೆ ಮೊಳೆಯ ಮೇಲಿದ್ದರೆ ಆ ಮನುಷ್ಯ ಇನ್ನೂ ಇಲ್ಲೇ ಎಲ್ಲೋ ಇದ್ದಾನೆ, ಅವನನ್ನು ಬಿಟ್ಟು ಮುಂದೆ ಹೋಗಬಾರದು ಎಂದು ನಾನೇ ನಿಯಮ ಮಾಡಿದೆ. ಎಲ್ಲರೂ ನಕ್ಕರು, ಆದರೆ ಪಾಲಿಸಿದರು. ಒಬ್ಬೊಬ್ಬರಿಗೆ ಒಂದೇ ಬಿಲ್ಲೆ. ಶರಣಪ್ಪನದು ಹದಿನೇಳು. ಅದರ ಒಂದು ಅಂಚನ್ನು ಅವನು ಸ್ಕ್ರೂ ತಿರುಗಿಸಲು ಉಜ್ಜಿ ಚಪ್ಪಟೆ ಮಾಡಿಕೊಂಡಿದ್ದ. ನೂರು ಬಿಲ್ಲೆಗಳ ರಾಶಿಯಲ್ಲೂ ಅದನ್ನು ನಾನು ಕಣ್ಣು ಮುಚ್ಚಿ ಆರಿಸುತ್ತಿದ್ದೆ.

ಆ ವರ್ಷ ನಾನಾ ಕಾರಣಗಳಿಂದ ನಡೆಯಲು ಹೊರಟವರು ನಾವಿಬ್ಬರೇ. ಭಟ್ಟರು ಸ್ಟವ್ವು, ಪಾತ್ರೆ ಕಟ್ಟಿಕೊಂಡು ಬಸ್ಸಿನಲ್ಲಿ ಮುಂದಿನ ಊರಿಗೆ ಹೋಗಿ ಅಡುಗೆ ಮಾಡಿಕೊಂಡು ಕಾಯುತ್ತಿದ್ದರು. ಶರಣಪ್ಪನದು ಹರಕೆಯ ನಡಿಗೆ. ಅವನ ಹೆಂಡತಿ ಶಾಂತಾಬಾಯಿಗೆ ಎರಡು ಸಲ ಹೊಟ್ಟೆಯಲ್ಲೇ ಮಗು ಹೋಗಿತ್ತು. ಈಗ ಮತ್ತೆ ಐದು ತಿಂಗಳು. ಹೊರಡುವ ದಿನ ಅವಳು ನನ್ನನ್ನು ಬಾಗಿಲಿಗೆ ಕರೆದು ಹೇಳಿದ್ದಳು:

"ಅಣ್ಣಾರ, ಇವರು ನಡಕೋತ ಓದ್ತಾರ್ರಿ. ಕಾಲ್ ಎಲ್ಲಿ ಇಡ್ತಾರಂತ ಅವರಿಗೆ ಗೊತ್ತಿರಂಗಿಲ್ಲ. ನಿಮ್ ಕಣ್ ಅವರ ಮ್ಯಾಲೇ ಇರ್ಲಿ."

"ನನ್ನ ಸ್ಟೋರಿಂದ ಒಂದ್ ಸೂಜಿ ಸೈತ ಕಳದಿಲ್ಲವ್ವಾ," ಎಂದಿದ್ದೆ.

ನಾಲ್ಕನೇ ದಿನ ಸಂಜೆ, ನಾಂದಗಾಂವದ ಆಚೆ ಗುಡ್ಡದ ಬುಡದ ಹಳ್ಳಿಯಲ್ಲಿ ಊಟಕ್ಕೆ ಕೂತಾಗ ನಾನು ನಾಲಿಗೆ ಹರಿಯಬಿಟ್ಟೆ. "ಏನೋ ಶರಣ್ಯಾ, ನಿನ್ನ ಶಿವನೂ ಮೊಳಿ ಹೊಡ್ಕೊಂಡು ಕುಂತಾನೇನು? ನೀ ಏಳು ದಿನ ನಡದೀ ಅಂತ ಬಿಲ್ಲೆ ಎಣಿಸಿ ಕೂಸು ಕೊಡ್ತಾನೇನು?" ಎಂದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿಮಗ ಮಕ್ಕಳದಾವ ಅಣ್ಣ. ಅದಕ್ಕ ನಗು ಬರ್ತದ," ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದುಹೋದ. ಭಟ್ಟರು ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಯಿತು, ಆದರೆ ತಪ್ಪಾಯಿತು ಎನ್ನುವಷ್ಟು ದೊಡ್ಡ ಮನಸ್ಸು ನನ್ನದಾಗಿರಲಿಲ್ಲ.

ಮರುದಿನ ನಾನು ಏಳುವ ಹೊತ್ತಿಗೆ ಅವನು ಹೊರಟುಬಿಟ್ಟಿದ್ದ. ನಾಲ್ಕನೇ ಪೆಟ್ಟಿಗೆ ಅಲ್ಲಿಂದ ಒಂದು ಮೈಲಿ ಮೇಲೆ, ಗುಡ್ಡದ ಹೆಗಲಿನಲ್ಲಿರುವ ಮಾರುತಿಯ ಕಟ್ಟೆಯ ಹತ್ತಿರ. ಅಲ್ಲಿ ಕಾಯುತ್ತೇನೆ ಎಂದು ಭಟ್ಟರಿಗೆ ಹೇಳಿ ಹೋಗಿದ್ದನಂತೆ. ನಾನು ಕಾಲಿನ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಹತ್ತಿದೆ. ಮೋಡ ನೆಲಕ್ಕೇ ಇಳಿದಿತ್ತು. ಹತ್ತು ಹೆಜ್ಜೆ ಮುಂದಿನ ಕಲ್ಲು ಕಾಣುತ್ತಿರಲಿಲ್ಲ.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಪೆಟ್ಟಿಗೆ ತೆರೆದೆ. ಮೂರನೇ ಜಾಗ ಖಾಲಿ, ಮೊಳೆಯ ಮೇಲೆ ಹದಿನೇಳು. ರಟ್ಟು ಹೋದ ಒಂದು ದಪ್ಪ ಕಾದಂಬರಿ ಅಲ್ಲಿರಬೇಕಿತ್ತು. ಎರಡು ಸಲ ಕೂಗಿದೆ. ಗಾಳಿಯ ಸದ್ದು ಬಿಟ್ಟು ಏನೂ ಇಲ್ಲ. ನನಗೆ ಸಿಟ್ಟು ಬಂತು. ರಾತ್ರಿಯ ಮುನಿಸಿನಲ್ಲಿ ಪುಸ್ತಕ ಹಿಡಿದುಕೊಂಡೇ ಮುಂದೆ ನಡೆದಿದ್ದಾನೆ, ನನ್ನ ನಿಯಮ ಮುರಿಯಬೇಕೆಂದೇ ಮುರಿದಿದ್ದಾನೆ ಎಂದುಕೊಂಡೆ.

ಆಗ ನಾನು ಮಾಡಿದ್ದನ್ನು ಸರಿಯಾಗಿ ಕೇಳಿ. ಮೊಳೆಯ ಮೇಲೆ ಬಿಲ್ಲೆ ನೇತಾಡುತ್ತಿದ್ದರೆ ಅದನ್ನು ಬಿಟ್ಟು ಹೋಗಲು ನನ್ನ ಕೈಲಾಗುವುದಿಲ್ಲ. ಆದರೆ ಹುಡುಕುವ ತಾಳ್ಮೆಯೂ ಆ ಹೊತ್ತಿಗೆ ಇರಲಿಲ್ಲ. ಹೇಗೂ ಮುಂದೆ ಸಿಗುತ್ತಾನೆ ಎಂದು ಬಿಲ್ಲೆ ತೆಗೆದು ಜೇಬಿಗೆ ಹಾಕಿದೆ. ನೋಟ್‌ಬುಕ್ಕಿನಲ್ಲಿ 'ನಂ. 17 ವಾಪಸ್' ಎಂದು ಬರೆದು ಸಹಿ ಮಾಡಿದೆ. ಸ್ಟೋರಿನ ಮನುಷ್ಯ ಜೀವಮಾನದಲ್ಲಿ ಮಾಡಬಾರದ ಕೆಲಸ ಅದು. ವಾಪಸ್ ಬರದೆ ಇದ್ದುದನ್ನು ಬಂದಿದೆ ಎಂದು ಬರೆದೆ. ಮೊಳೆ ಖಾಲಿಯಾಯಿತು, ನನ್ನ ಮನಸ್ಸೂ ಹಗುರಾಯಿತು. ನಡೆದೆ.

ಐದನೇ ಪೆಟ್ಟಿಗೆಗೆ ಎರಡೂವರೆ ಗಂಟೆಯ ದಾರಿ. ಬೋಳು ಗುಡ್ಡ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಉದ್ದಕ್ಕೂ ಒಂದು ಕೆಟ್ಟ ಮೌನ. ಹಕ್ಕಿಯಿಲ್ಲ, ದನದ ಗಂಟೆಯಿಲ್ಲ. ಹಸಿಮಣ್ಣಿನ ಮೇಲೆ ಹೆಜ್ಜೆ ಗುರುತು ಹುಡುಕುತ್ತ ಹೋದೆ, ಒಂದೂ ಕಾಣಲಿಲ್ಲ. ಅವನು ಕಲ್ಲಿನ ಮೇಲೆ ನಡೆದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಗಂಟೆಯಾದ ಮೇಲೆ ಹಾಗೆ ಹೇಳಿಕೊಳ್ಳುವುದನ್ನೂ ನಿಲ್ಲಿಸಿ, ಬರೀ ಬೇಗ ಬೇಗ ನಡೆಯತೊಡಗಿದೆ.

ಐದನೇ ಪೆಟ್ಟಿಗೆ ಪಾಳುಬಿದ್ದ ಒಂದು ಮಹಾದೇವನ ಗುಡಿಯ ಗೋಡೆಗೆ ಒತ್ತಿಕೊಂಡಿತ್ತು. ಆ ಕಡೆ ಜನ ಸುಳಿಯುವುದು ತೀರ ಕಡಿಮೆ. ಮುಚ್ಚಳದ ಚಿಲಕಕ್ಕೆ ಹಿಂದಿನ ವರ್ಷ ನಾನೇ ತಂತಿ ಸುತ್ತಿದ್ದೆ, ಎಡಕ್ಕೆ ಮೂರು ಸುತ್ತು, ಅದು ನನ್ನ ಕೈಯ ರೂಢಿ. ಸುತ್ತು ಹಾಗೇ ಇತ್ತು, ತುಕ್ಕು ಹಿಡಿದಿತ್ತು. ಅದರ ಮೇಲೆ ಕಣಜ ಮಣ್ಣಿನ ಗೂಡು ಕಟ್ಟಿ, ಆ ಗೂಡೂ ಒಣಗಿ ಗಟ್ಟಿಯಾಗಿತ್ತು. ಅಂದರೆ ಶರಣಪ್ಪ ಇಲ್ಲಿಗೆ ಬಂದಿದ್ದರೂ ಪೆಟ್ಟಿಗೆ ಮುಟ್ಟಿಲ್ಲ. ಕಲ್ಲಿನಿಂದ ಗೂಡು ಒಡೆದು, ತಂತಿ ಬಿಚ್ಚಿ, ಮುಚ್ಚಳ ಎತ್ತಿದೆ.

ಎಂಟು ಪುಸ್ತಕಗಳೂ ಇದ್ದವು. ಒಂದೂ ಕಡಿಮೆಯಿರಲಿಲ್ಲ. ಮೂರನೇ ಮೊಳೆಯ ಮೇಲೆ ಒಂದು ಬಿಲ್ಲೆ ನೇತಾಡುತ್ತಿತ್ತು. ಹದಿನೇಳು. ಅಂಚು ಉಜ್ಜಿ ಚಪ್ಪಟೆಯಾದ ಅದೇ ಹದಿನೇಳು. ಗಾಳಿ ಒಳಗೆ ಬರುತ್ತಿರಲಿಲ್ಲ, ಆದರೂ ಅದು ಸಣ್ಣಗೆ ಅಲುಗುತ್ತಿತ್ತು, ಈಗ ತಾನೇ ಯಾರೋ ತೂಗುಹಾಕಿ ಕೈ ತೆಗೆದ ಹಾಗೆ.

ಜೇಬಿಗೆ ಕೈ ಹಾಕಿದೆ. ನನ್ನ ಬಿಲ್ಲೆ ಇತ್ತು, ಕರವಸ್ತ್ರ ಇತ್ತು, ಬೀಗದ ಕೈ ಇತ್ತು. ಹದಿನೇಳು ಇರಲಿಲ್ಲ. ಜೇಬನ್ನು ಹೊರಗೆ ಮಗುಚಿ ನೋಡಿದೆ, ತೂತೂ ಇರಲಿಲ್ಲ.

ಓದುವವರಿಗೆ ಇದು ದೊಡ್ಡ ಸಂಗತಿ ಎನಿಸದಿರಬಹುದು. ನನಗೆ ಮಾತ್ರ ಹಾಗಲ್ಲ. ಹಲಗೆಯ ಮೇಲೆ ಸಾಮಾನು ಜಾಗದಲ್ಲೇ ಇದ್ದು ಅದರ ಮೇಲೆ ಬಿಲ್ಲೆಯೂ ಇರುವುದು ನಮ್ಮ ಸ್ಟೋರಿನಲ್ಲಿ ಎಂದೂ ಆಗದ ಮಾತು. ಬಿಲ್ಲೆಗೆ ಒಂದೇ ಅರ್ಥ: ಒಂದು ವಸ್ತು ಹೊರಗಿದೆ, ಇನ್ನೂ ಬಂದಿಲ್ಲ. ಇಲ್ಲಿ ಎಂಟಕ್ಕೆ ಎಂಟೂ ಪುಸ್ತಕ ಒಳಗಿವೆ. ಹಾಗಾದರೆ ಹೊರಗಿರುವುದು ಪುಸ್ತಕವಲ್ಲ.

ಅದನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ. ಮುಚ್ಚಳ ಹಾಕಿ ಬಂದ ದಾರಿಯಲ್ಲೇ ಓಡಿದೆ. ಕಾಲಿನ ಬೊಬ್ಬೆ ಒಡೆದು ಚಪ್ಪಲಿ ಅಂಟುತ್ತಿತ್ತು. ಅರ್ಧ ದಾರಿಗೆ ಮಳೆ ಹಿಡಿಯಿತು. 'ನನ್ನ ಸ್ಟೋರಿಂದ ಒಂದ್ ಸೂಜಿ ಸೈತ ಕಳದಿಲ್ಲ' ಎಂಬ ನನ್ನದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಶಾಂತಾಬಾಯಿಯ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ದಾರಿಯುದ್ದಕ್ಕೂ ಅತ್ತೆ.

ಮಾರುತಿಯ ಕಟ್ಟೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆಯ ಸುಮಾರು. ಪೆಟ್ಟಿಗೆ ತೆರೆದೆ. ನಾನು ಖಾಲಿ ಮಾಡಿ ಹೋಗಿದ್ದ ಮೊಳೆಯ ಮೇಲೆ ಹದಿನೇಳು ನೇತಾಡುತ್ತಿತ್ತು. ನೋಟ್‌ಬುಕ್ಕಿನಲ್ಲಿ 'ನಂ. 17 ವಾಪಸ್' ಎಂದು ನನ್ನ ಅಕ್ಷರ, ಅದರ ಕೆಳಗೆ ನನ್ನ ಸಹಿ.

ಆ ಕ್ಷಣದಲ್ಲಿ ಯೋಚಿಸುವ ಶಕ್ತಿ ನನಗಿರಲಿಲ್ಲ. ಸ್ಟೋರಿನಲ್ಲಿ ಬಿಲ್ಲೆ ಉಳಿದಾಗ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ನಿಂತ ಜಾಗದಿಂದ ಸುತ್ತು ಹಾಕುತ್ತ, ಒಂದೊಂದು ಸುತ್ತಿಗೂ ಹತ್ತು ಹೆಜ್ಜೆ ದೂರ ಸರಿಯುತ್ತ, ಮೂರು ಸಲ ಕೂಗಿ ಒಂದು ಸಲ ಕಿವಿಗೊಟ್ಟು ಹುಡುಕಿದೆ. ಏಳನೇ ಸುತ್ತಿನಲ್ಲಿ ನೆಲದೊಳಗಿನಿಂದ ಟಕ್ ಟಕ್ ಎಂದು ಕಲ್ಲಿಗೆ ಕಲ್ಲು ಬಡಿಯುವ ಸದ್ದು ಕೇಳಿಸಿತು.

ಮುಳ್ಳುಪೊದೆಯ ಮರೆಯಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ಕಾಲದ ನೀರಿನ ತೊಟ್ಟಿ ಇತ್ತು. ಶರಣಪ್ಪ ಅದರೊಳಗೆ ಎದೆಮಟ್ಟದ ನೀರಿನಲ್ಲಿ, ಗೋಡೆಗೆ ಒರಗಿ, ಒಂದೇ ಕಾಲಿನ ಮೇಲೆ ನಿಂತಿದ್ದ. ಇನ್ನೊಂದು ಕಾಲು ಮುರಿದಿತ್ತು. ಪುಸ್ತಕವನ್ನು ತಲೆಯ ಮೇಲಿನ ಒಂದು ಗೂಡಿನಲ್ಲಿ ಒದ್ದೆಯಾಗದಂತೆ ಇಟ್ಟಿದ್ದ.

"ಬಂದ್ರೇನಣ್ಣ," ಎಂದ. ಹಲ್ಲು ಕಟಕಟ ಎನ್ನುತ್ತಿದ್ದವು. "ಇದರ ಕಡೀ ನಾಕು ಹಾಳಿನೇ ಇಲ್ರೀ."

ನನ್ನನ್ನು ಕಾಯುತ್ತ, ಕಟ್ಟೆಯ ಸುತ್ತ ಓದುತ್ತ ಅಡ್ಡಾಡುವಾಗ ಕಾಲು ಜಾರಿ ಬಿದ್ದಿದ್ದನಂತೆ. ನಾನು ಕೂಗಿದ್ದು ಅವನಿಗೆ ಕೇಳಿಸಿತ್ತು, ಅವನು ಕೂಗಿದ್ದು ನನಗೆ ಕೇಳಿಸಿರಲಿಲ್ಲ. ನಾನು ಅವನಿಂದ ಅರವತ್ತು ಎಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಅವನು ವಾಪಸ್ ಎಂದು ಸಹಿ ಮಾಡಿದ್ದೆ. ಕುರಿ ಕಾಯುವ ಇಬ್ಬರು ಧನಗರರು ಸಿಕ್ಕರು. ಕಂಬಳಿ ಕಟ್ಟಿ ಇಳಿಸಿ ಮೇಲೆತ್ತಿದೆವು. ಅವರಲ್ಲಿ ಹಿರಿಯವನು ಆಮೇಲೆ ಹೇಳಿದ, ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ತೊಟ್ಟಿ ತುಂಬಿ ಹೊರಗೆ ಹರಿಯುತ್ತಿತ್ತಂತೆ. ಮುಂದಿನ ಊರಿಗೆ ಹೋಗಿ, ಭಟ್ಟರನ್ನು ಕಂಡು, ಅವನು ಬಂದಿಲ್ಲವೆಂದು ತಿಳಿದು ನಾವು ಹುಡುಕಲು ಹೊರಡುವಷ್ಟರಲ್ಲಿ ಎಲ್ಲಾ ಮುಗಿದಿರುತ್ತಿತ್ತು.

ಅವನನ್ನು ಹಗ್ಗದ ಮಂಚದ ಮೇಲೆ ಹಳ್ಳಿಗೆ ಹೊತ್ತುಕೊಂಡು ಹೊರಟರು. 'ಬಂದೆ, ನೀವು ನಡೀರಿ' ಎಂದು ನಾನು ಹಿಂದುಳಿದೆ. ಯಾಕೆ ಗೊತ್ತೆ? ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದು ಒಳಜೇಬಿನಲ್ಲಿ ಇಟ್ಟುಕೊಳ್ಳಲು. ಆಮೇಲೆ ಪುಸ್ತಕವನ್ನು ಅದರ ಜಾಗದಲ್ಲಿಟ್ಟು, ಬಿಲ್ಲೆಯನ್ನು ಮೊಳೆಯಿಂದ ತೆಗೆದೆ. ಅದು ಮಳೆಯಲ್ಲಿ ನೆಂದ ಹಾಗೆ ಒದ್ದೆಯಾಗಿತ್ತು. ಪೆಟ್ಟಿಗೆಯ ಒಳಗೆ ಬೇರೆಲ್ಲ ಒಣಗಿಯೇ ಇತ್ತು.

ಔರಂಗಾಬಾದಿನ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ ಶರಣಪ್ಪ ನನ್ನ ಕೈ ಹಿಡಿದು ಹೇಳಿದ ಮಾತು ಇದು:

"ನನಗ ಅಂಜಿಕಿ ಆಗಲಿಲ್ಲಣ್ಣ. ನೀರು ಏರಕೋತ ಬಂದ್ರೂ ಆಗಲಿಲ್ಲ. ಬಿಲ್ಲೆ ಮೊಳಿ ಮ್ಯಾಲ ಅದ. ಅದು ಇರೋ ತನಕ ಈ ಮನಷ್ಯಾ ದಾಟಿ ಹೋಗಾಂವಲ್ಲ ಅಂತ ಗೊತ್ತಿತ್ತು."

ನಾನು ಹೂಂ ಎಂದೆ. ಅವನ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟೆ.

ಭಟ್ಟರಿಗೆ ಮಾತ್ರ ಐದನೇ ಪೆಟ್ಟಿಗೆಯ ಸಂಗತಿ ಹೇಳಿದೆ, ನಾನು ಬಿಲ್ಲೆ ತೆಗೆದದ್ದನ್ನು ಬಿಟ್ಟು. ಮೂರನೇ ದಿನ ನಾವಿಬ್ಬರೂ ಅಲ್ಲಿಗೆ ಹೋಗಿ ನೋಡಿದೆವು. ಒಡೆದ ಕಣಜದ ಗೂಡು ಕೆಳಗೆ ಬಿದ್ದಿತ್ತು. ಎಂಟು ಪುಸ್ತಕ, ಎಂಟು ಖಾಲಿ ಮೊಳೆ. ಭಟ್ಟರು ಮುಚ್ಚಳ ಹಾಕಿ, "ಬಿಡಿ ಮಾರಾಯ್ರೆ. ಜನ ಸಿಕ್ಕಿದ ಅಲ್ವಾ? ಇನ್ನು ಅದನ್ನು ಕೆದಕುವುದು ಬೇಡ," ಎಂದರು.

ನಾನು ಕೆದಕಿದ್ದೇನೆ. ಇಷ್ಟು ವರ್ಷ ಅದೇ ಕೆಲಸ. ನಾಲ್ಕನೇ ಪೆಟ್ಟಿಗೆಯಲ್ಲಿ ನಾನು ಬಿಲ್ಲೆ ತೆಗೆಯಲೇ ಇಲ್ಲ, ತೆಗೆದೆ ಎಂದುಕೊಂಡೆ ಅಷ್ಟೇ ಎಂದರೆ, ಆ ಹಾಳೆಯ ಮೇಲೆ ಸಹಿ ಯಾಕೆ ಇದೆ? ಬಿಲ್ಲೆ ಕೈಗೆ ಬರದೆ ನಾನು ವಾಪಸ್ ಎಂದು ಬರೆದವನೇ ಅಲ್ಲ. ಐದನೇ ಪೆಟ್ಟಿಗೆಯಲ್ಲಿ ನಾನೇ ಮೈಮರೆತು ತೂಗುಹಾಕಿದೆ ಎಂದರೆ, ಅದು ನನಗಿಂತ ಮೊದಲು ಹೇಗೆ ವಾಪಸ್ ಬಂತು? ಅಂಜಿಕೆಯಲ್ಲಿ ಕಣ್ಣು ಸುಳ್ಳು ಹೇಳಿತು ಎನ್ನೋಣವೆಂದರೆ, ಮುಚ್ಚಳ ತೆರೆಯುವವರೆಗೆ ನನಗೆ ಅಂಜಿಕೆ ಇರಲಿಲ್ಲ, ಬರೀ ಸಿಟ್ಟಿತ್ತು. ಯಾವ ಕಡೆಯಿಂದ ಎಣಿಸಿದರೂ ಒಂದು ಹೆಚ್ಚಾಗುತ್ತದೆ, ಇಲ್ಲವೇ ಒಂದು ಕಡಿಮೆಯಾಗುತ್ತದೆ.

ಚಳಿಗಾಲದಲ್ಲಿ ಶಾಂತಾಬಾಯಿಗೆ ಹೆಣ್ಣುಮಗು ಹುಟ್ಟಿತು, ಗಿರಿಜಾ ಎಂದು ಹೆಸರಿಟ್ಟರು. ಮುಂದಿನ ಶ್ರಾವಣದಲ್ಲಿ ಶರಣಪ್ಪನ ಹರಕೆಯ ಉಳಿದ ದಾರಿಯನ್ನು ಅವನ ಪರವಾಗಿ ನಾನೇ ನಡೆದು ಮುಗಿಸಿದೆ. ಯಾಕೆಂದು ಕೇಳಿದವರಿಗೆ ವ್ಯಾಯಾಮ ಎಂದೆ. ಪೆಟ್ಟಿಗೆಗಳು ಕೆಲವು ವರ್ಷ ಮಳೆ ಗೆದ್ದಲು ತಡೆದುಕೊಂಡು ಆಮೇಲೆ ಒಂದೊಂದಾಗಿ ಇಲ್ಲವಾದವು. ಶರಣಪ್ಪ ಕುಂಟುತ್ತಲೇ ಮೂವತ್ತು ವರ್ಷ ಬದುಕಿದ. ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳಿ, ಕೊನೆಗೆ ನನ್ನ ಕಡೆ ಕೈ ತೋರಿಸುತ್ತಿದ್ದ. ಪ್ರತಿ ಸಲವೂ ಈಗ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಚಹಾ ಕುಡಿದು ಎದ್ದು ಬರುತ್ತಿದ್ದೆ.

ಅವನು ತೀರಿಕೊಂಡ ಹದಿನೈದನೇ ದಿನ ಗಿರಿಜಾ ನನ್ನ ಮನೆಗೆ ಬಂದಳು. ಸಂಭಾಜಿನಗರದಲ್ಲಿ ಮರಾಠಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಬಾಯಿ ಅವಳು. ಪರ್ಸಿನಿಂದ ಬಿಲ್ಲೆ ತೆಗೆದು ನನ್ನ ಮುಂದಿಟ್ಟಳು.

"ಕಾಕಾ, ಇದು ನಿಮಗೇ ಕೊಡಬೇಕಂತ ಬಾಬಾ ಹೇಳಿ ಹೋಗ್ಯಾರ. ತುಮ್ಹೀ ಥಾಂಬಲಾ... ನೀವು ನಿಂತ್ರಿ, ಅದಕ್ಕ ನಮ್ಮ ಮನಿ ಉಳೀತು ಅಂತಿದ್ರು."

ಎದುರಿನ ಕಪಾಟಿನಲ್ಲಿ, ಬಟ್ಟೆಗಳ ಕೆಳಗೆ ಆ ಹಾಳೆ ಇತ್ತು. ಎದ್ದು ತಂದು ಅವಳ ಕೈಗೆ ಕೊಟ್ಟೆ. ಅದೊಂದು ಕೆಲಸ ಮಾಡಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ಸತ್ರಾ... ಹದಿನೇಳು ನಂಬರ್ ಅಷ್ಟೇ ತಿಳೀತು. ಮುಂದೇನು ಬರದದ ಕಾಕಾ? ನನಗ ಕನ್ನಡ ಓದಾಕ ಬರಂಗಿಲ್ಲ," ಎಂದಳು.

"ನಿಮ್ಮಪ್ಪ ವಾಪಸ್ ಬಂದಾನಂತ ಬರದದವ್ವಾ," ಎಂದೆ. ಅವಳು ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡಳು.

ಈಗ ಬಿಲ್ಲೆ ನನ್ನ ಹತ್ತಿರ ಇದೆ, ಹಾಳೆ ಅವಳ ಮನೆಯಲ್ಲಿದೆ. ಗಾಜು ಹಾಕಿಸಿ ಅಪ್ಪನ ಫೋಟೋದ ಕೆಳಗೆ ತೂಗುಹಾಕಿದ್ದಾಳೆ ಎಂದು ಕೇಳಿದೆ. ಆ ದಿನ ಮೊಳೆಗೆ ಬಿಲ್ಲೆ ಹಾಕಿದವರು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗುವ ವಯಸ್ಸೂ ಮುಗಿಯಿತು. ತೆಗೆದವನು ಯಾರೆಂದು ಮಾತ್ರ ಗೊತ್ತು. ಅವಳು ಓದಲಾರದ ಭಾಷೆಯಲ್ಲಿ ಅದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಅವಳು ಸಿಕ್ಕರೆ ಓದಿ ಹೇಳಿ, ನನ್ನಿಂದ ಆಗಲಿಲ್ಲ.